ಖಾಸಗಿ ಪತ್ತೇದಾರರ ಲೈಸೆನ್ಸ್: ಮೊದಲ ಗಂಟೆಯ ಲೆಕ್ಕದಿಂದ ರಿನೀವಲ್‌ವರೆಗೆ

ಪತ್ತೇದಾರ ಆಗಬೇಕು ಅಂತ ಹೊರಡುವವರು ಮೊದಲು ಕೊಳ್ಳುವುದು ಕ್ಯಾಮೆರಾ. ಉದ್ದನೆಯ ಲೆನ್ಸ್, ರಾತ್ರಿ ಕಾಣುವ ದುರ್ಬೀನು, ಪೆನ್ನಿನೊಳಗೆ ಅಡಗಿರುವ ರೆಕಾರ್ಡರ್. ನಿಜಕ್ಕೂ ಮೊದಲು ಬೇಕಾಗಿರುವುದು ಒಂದು ನೋಟ್‌ಬುಕ್ಕು. ಯಾವ ದಿನ, ಯಾರ ಕೈಕೆಳಗೆ, ಎಷ್ಟು ಗಂಟೆ, ಏನು ಕೆಲಸ ಮಾಡಿದಿರಿ ಅಂತ ಬರೆದಿಡುವ ನೋಟ್‌ಬುಕ್ಕು. ಅನುಭವ ಕೇಳುವ ಕಡೆ ಅರ್ಜಿಗಳು ಸಿಕ್ಕಿಬೀಳುವುದು ಇದೇ ಲೆಕ್ಕದಲ್ಲಿ. ಪರೀಕ್ಷೆ ಓದಿ ಪಾಸಾಗಬಹುದು, ಶುಲ್ಕ ಕಟ್ಟಬಹುದು. ಕಳೆದುಹೋದ ಎರಡು ವರ್ಷದ ಗಂಟೆಗಳನ್ನು ಆಮೇಲೆ ಹುಟ್ಟಿಸಲು ಆಗುವುದಿಲ್ಲ.

ಇನ್ನೊಂದು ಮಾತನ್ನೂ ಮೊದಲೇ ಹೇಳಿಬಿಡುತ್ತೇನೆ. ಲೈಸೆನ್ಸ್ ಸಿಕ್ಕಿದರೆ ಅರ್ಧ ಪೊಲೀಸ್ ಆದಂತೆ ಅಂತ ತುಂಬಾ ಜನ ನಂಬಿರುತ್ತಾರೆ. ಹಾಗೇನಿಲ್ಲ. ಬೇರೆಯವರ ವಿಷಯದಲ್ಲಿ ದುಡ್ಡಿಗಾಗಿ ಮೂಗು ತೂರಿಸಲು ಸರ್ಕಾರ ಕೊಡುವ ಅನುಮತಿ ಅದು, ಅಷ್ಟೇ. ಮೂಗು ಎಲ್ಲಿವರೆಗೆ ಹೋಗಬಹುದು ಅಂತ ಗೆರೆ ಎಳೆಯುವುದೂ ಅದೇ ಕಾಗದ.

ಹಂತ 1: ನೀವಿರುವ ಕಡೆ ಲೈಸೆನ್ಸ್ ಅನ್ನೋದು ಇದೆಯಾ?

ಈ ಪ್ರಶ್ನೆಗೆ ಒಂದೇ ಉತ್ತರ ಇಲ್ಲ. ದೇಶದಿಂದ ದೇಶಕ್ಕೆ, ಒಂದೇ ದೇಶದೊಳಗೆ ರಾಜ್ಯದಿಂದ ರಾಜ್ಯಕ್ಕೆ ನಿಯಮ ಬದಲಾಗುತ್ತದೆ. ಆದರೂ ಒಟ್ಟಾರೆ ಮೂರು ಬಗೆ ಕಾಣುತ್ತದೆ.

ಮೊದಲನೆಯದು ಕಟ್ಟುನಿಟ್ಟಿನ ಲೈಸೆನ್ಸ್. ಅಮೆರಿಕದ ಹೆಚ್ಚಿನ ರಾಜ್ಯಗಳು, ಕೆನಡಾದ ಒಂಟಾರಿಯೊ, ಸ್ಪೇನ್, ಫ್ರಾನ್ಸ್, ಸಿಂಗಾಪುರ ಈ ಗುಂಪಿಗೆ ಸೇರುತ್ತವೆ. ಕಾಗದ ಇಲ್ಲದೆ ಕೆಲಸ ಹಿಡಿದರೆ ಅದೇ ಅಪರಾಧ.

ಎರಡನೆಯದು ತಿಳಿಸಿ ಶುರು ಮಾಡುವ ಪದ್ಧತಿ. ಜಪಾನಿನಲ್ಲಿ 2006ರಲ್ಲಿ ಪತ್ತೇದಾರಿ ವೃತ್ತಿಗೆಂದೇ ಒಂದು ಕಾಯ್ದೆ ಆಯಿತು, 2007ರಲ್ಲಿ ಜಾರಿಗೆ ಬಂತು. ಅಲ್ಲಿ ಪರೀಕ್ಷೆ ಇಲ್ಲ. ಕೆಲಸ ಶುರು ಮಾಡುವ ಮುಂಚೆ ಪ್ರಾಂತ್ಯದ ಸಾರ್ವಜನಿಕ ಸುರಕ್ಷತಾ ಆಯೋಗಕ್ಕೆ ಲಿಖಿತವಾಗಿ ತಿಳಿಸಬೇಕು. ಜರ್ಮನಿಯಲ್ಲಿ ಮಾಮೂಲಿ ವ್ಯಾಪಾರದ ನೋಂದಣಿಯೇ ಸಾಕು. ಆದರೆ ಪತ್ತೇದಾರಿ ಅಂತ ಬರೆಸಿದ ತಕ್ಷಣ ಅಧಿಕಾರಿಗಳು ನಿಮ್ಮ ಹಿನ್ನೆಲೆಯನ್ನು ಪರೀಕ್ಷಿಸುತ್ತಾರೆ. ಅಪರಾಧ ದಾಖಲೆಯ ಪ್ರಮಾಣಪತ್ರವನ್ನು ನೀವೇ ತರಿಸಿ ಕೊಡಬೇಕು.

ಮೂರನೆಯದು ಲೈಸೆನ್ಸೇ ಇಲ್ಲದ ಜಾಗ. ಬ್ರಿಟನ್ನಿನ ಕಥೆ ಸ್ವಲ್ಪ ತಮಾಷೆಯಾಗಿದೆ. 2001ರ ಖಾಸಗಿ ಭದ್ರತಾ ಕಾಯ್ದೆಯಲ್ಲಿ ಪತ್ತೇದಾರರಿಗೂ ಲೈಸೆನ್ಸ್ ತರಲು ಜಾಗ ಇಟ್ಟರು. ಕಾವಲುಗಾರರಿಗೆ ಲೈಸೆನ್ಸ್ ಬಂತು, ಪತ್ತೇದಾರರಿಗೆ ಬರಲೇ ಇಲ್ಲ. 2013ರಲ್ಲಿ ಸರ್ಕಾರ ತರುತ್ತೇವೆ ಅಂತ ಘೋಷಿಸಿಯೂ ಆಯಿತು, ಆಮೇಲೆ ಸದ್ದಿಲ್ಲ. ಭಾರತದಲ್ಲೂ ಹೆಚ್ಚುಕಡಿಮೆ ಇದೇ ಕಥೆ. ಪತ್ತೇದಾರಿ ಏಜೆನ್ಸಿಗಳ ನಿಯಂತ್ರಣ ಮಸೂದೆ 2007ರಲ್ಲಿ ರಾಜ್ಯಸಭೆಗೆ ಬಂತು, ಕಾಯ್ದೆ ಆಗದೆ ವಾಪಸ್ ಹೋಯಿತು. 2005ರ ಖಾಸಗಿ ಭದ್ರತಾ ಏಜೆನ್ಸಿಗಳ ಕಾಯ್ದೆ ಇದೆಯಲ್ಲ ಅಂತ ಕೇಳಬಹುದು. ಅದು ಜನರನ್ನೂ ಆಸ್ತಿಯನ್ನೂ ಕಾಯುವ ಸೆಕ್ಯುರಿಟಿ ಏಜೆನ್ಸಿಗಳಿಗೆ ಮಾಡಿದ್ದು. ಆ ಲೈಸೆನ್ಸ್ ತೋರಿಸಿ ‘ಸರ್ಕಾರಿ ಮಾನ್ಯತೆ ಪಡೆದ ಪತ್ತೇದಾರ’ ಅಂತ ಬೋರ್ಡ್ ಹಾಕಿಕೊಂಡರೆ ಜನರನ್ನು ದಾರಿ ತಪ್ಪಿಸಿದ ಹಾಗೆ.

ಅಮೆರಿಕದಲ್ಲೂ ಅಲಾಸ್ಕಾ, ಐಡಹೊ, ಮಿಸಿಸಿಪ್ಪಿ, ಸೌತ್ ಡಕೋಟಾ, ವ್ಯೋಮಿಂಗ್ ರಾಜ್ಯಗಳು ರಾಜ್ಯ ಮಟ್ಟದ ಲೈಸೆನ್ಸ್ ಕೇಳುವುದಿಲ್ಲ. ಆದರೆ ರಾಜ್ಯ ಕೇಳದಿದ್ದರೂ ಕೆಲವು ನಗರಗಳು ಕೇಳುತ್ತವೆ. ಕೊಲೊರಾಡೊ 2021ರಲ್ಲಿ ಇದ್ದ ಲೈಸೆನ್ಸನ್ನೇ ತೆಗೆದುಹಾಕಿತು. ಹಾಗಾಗಿ ಹಳೆಯ ಪಟ್ಟಿ ನಂಬಬೇಡಿ. ಕಾಯ್ದೆಯ ಇವತ್ತಿನ ರೂಪವನ್ನು ಲೈಸೆನ್ಸ್ ಕೊಡುವ ಇಲಾಖೆಯ ಅಧಿಕೃತ ತಾಣದಲ್ಲೇ ಓದಿ.

ಆ ಇಲಾಖೆ ಯಾವುದು ಅಂತ ಹುಡುಕುವುದೇ ಒಂದು ಪತ್ತೇದಾರಿ ಕೆಲಸ. ಕ್ಯಾಲಿಫೋರ್ನಿಯಾದಲ್ಲಿ ಗ್ರಾಹಕ ವ್ಯವಹಾರಗಳ ಇಲಾಖೆಯ ಅಡಿಯ ಒಂದು ಬ್ಯೂರೊ. ಫ್ಲಾರಿಡಾದಲ್ಲಿ, ನಂಬಿದರೆ ನಂಬಿ, ಕೃಷಿ ಮತ್ತು ಗ್ರಾಹಕ ಸೇವೆಗಳ ಇಲಾಖೆ! ಪೊಲೀಸ್ ಠಾಣೆಗೆ ಹೋಗಿ ವಿಚಾರಿಸಿದರೆ ಅವರಿಗೂ ಗೊತ್ತಿರಲಿಕ್ಕಿಲ್ಲ.

ಹಂತ 2: ಯಾವ ಲೈಸೆನ್ಸ್?

‘ಪತ್ತೇದಾರರ ಲೈಸೆನ್ಸ್’ ಅಂದರೆ ಒಂದೇ ಕಾಗದ ಅಂದುಕೊಳ್ಳಬೇಡಿ. ಫ್ಲಾರಿಡಾ ಇದನ್ನು ಚೆನ್ನಾಗಿ ಬಿಡಿಸಿಟ್ಟಿದೆ. ಏಜೆನ್ಸಿ ತೆರೆಯುವವರಿಗೆ ‘ಎ’ ದರ್ಜೆ. ತನಿಖೆ ಮಾಡುವ ವ್ಯಕ್ತಿಗೆ ‘ಸಿ’ ದರ್ಜೆ. ಅನುಭವ ಇಲ್ಲದೆ ಕಲಿಯಲು ಬಂದವರಿಗೆ ‘ಸಿಸಿ’, ಅಂದರೆ ಇಂಟರ್ನ್. ಬೇರೆ ಕಡೆ ಹೆಸರು ಬೇರೆ ಇರಬಹುದು. ಕಲಿಯುವವರು, ಕೆಲಸ ಮಾಡುವವರು, ಅಂಗಡಿ ನಡೆಸುವವರು ಎಂಬ ಭಾಗ ಮಾತ್ರ ಅಲ್ಲಲ್ಲಿ ಕಾಣುತ್ತದೆ.

ಹೊಸಬರು ಮಾಡುವ ಎಡವಟ್ಟು ಏನೆಂದರೆ ನೇರವಾಗಿ ಏಜೆನ್ಸಿಯ ಅರ್ಜಿ ತುಂಬಲು ಕೂರುವುದು. ಇನ್ನೊಬ್ಬರ ಏಜೆನ್ಸಿಯಲ್ಲಿ ಸಂಬಳಕ್ಕೆ ಸೇರುವವರಿಗೆ ಎಷ್ಟೋ ಕಡೆ ಸಣ್ಣ ಕಾರ್ಡು ಸಾಕು. ಕೆಲವು ಕಡೆ ಅದೂ ಬೇಡ, ಮಾಲೀಕರ ಲೈಸೆನ್ಸಿನ ನೆರಳಲ್ಲೇ ಕೆಲಸ ಮಾಡಬಹುದು. ಏಜೆನ್ಸಿಯ ಕಾಗದಕ್ಕೆ ಬೇಕಾದ ಗಂಟೆಗಳು ಹುಟ್ಟುವುದು ಅಲ್ಲಿಂದಲೇ.

ಹಂತ 3: ಮೂಲ ಅರ್ಹತೆ

ಇದು ಸುಲಭದ ಭಾಗ. ವಯಸ್ಸು ಕ್ಯಾಲಿಫೋರ್ನಿಯಾ, ಒಂಟಾರಿಯೊಗಳಲ್ಲಿ 18 ತುಂಬಿರಬೇಕು. ನ್ಯೂಯಾರ್ಕ್ 25 ಕೇಳುತ್ತದೆ. ಆ ದೇಶದಲ್ಲಿ ಕೆಲಸ ಮಾಡುವ ಹಕ್ಕಿನ ದಾಖಲೆ, ಗುರುತಿನ ಚೀಟಿ, ಫೋಟೊ. ಓದಿನ ವಿಷಯಕ್ಕೆ ಬಂದರೆ ಸ್ಪೇನ್ ತುಂಬಾ ಬಿಗಿ. ವಿಶ್ವವಿದ್ಯಾಲಯದ ಮಟ್ಟದಲ್ಲಿ ಇದೇ ವಿಷಯ ಓದಿದವರಿಗೆ ಮಾತ್ರ ಗೃಹ ಇಲಾಖೆ ವೃತ್ತಿಯ ಗುರುತಿನ ಕಾರ್ಡು ಕೊಡುತ್ತದೆ. ಅಮೆರಿಕದ ರಾಜ್ಯಗಳು ಓದಿಗಿಂತ ಅನುಭವವನ್ನೇ ಜಾಸ್ತಿ ನೋಡುತ್ತವೆ.

ಹಂತ 4: ಅನುಭವದ ಗಂಟೆಗಳು (ಇಲ್ಲಿ ನಿಧಾನವಾಗಿ ಓದಿ)

ಕ್ಯಾಲಿಫೋರ್ನಿಯಾವನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ, ಅಲ್ಲಿನ ಲೆಕ್ಕ ಸ್ಪಷ್ಟವಾಗಿದೆ. ಸಂಬಳ ಪಡೆದು ಮಾಡಿದ ತನಿಖೆಯ ಕೆಲಸ ಮೂರು ವರ್ಷ, ವರ್ಷಕ್ಕೆ 2,000 ಗಂಟೆಯಂತೆ ಒಟ್ಟು 6,000 ಗಂಟೆ. ಕಾನೂನು ಅಥವಾ ಪೊಲೀಸ್ ವಿಜ್ಞಾನದಲ್ಲಿ ಪದವಿ ಇದ್ದರೆ 4,000 ಗಂಟೆ ಸಾಕು. ಪೊಲೀಸ್ ವಿಜ್ಞಾನ, ಕ್ರಿಮಿನಲ್ ಕಾನೂನು ಅಥವಾ ನ್ಯಾಯ ವಿಷಯದಲ್ಲಿ ಎರಡು ವರ್ಷದ ಅಸೋಸಿಯೇಟ್ ಪದವಿ ಇದ್ದರೆ 5,000.

ಇನ್ನು ಯಾವ ಕೆಲಸ ಈ ಲೆಕ್ಕಕ್ಕೆ ಬರುತ್ತದೆ? ಪೊಲೀಸ್ ಅಧಿಕಾರಿ, ಮಿಲಿಟರಿ ಪೊಲೀಸ್, ವಿಮಾ ಕ್ಲೇಮ್ ಪರಿಶೀಲಿಸುವವರು, ಬೆಂಕಿ ಅನಾಹುತದ ತನಿಖೆ ಮಾಡುವವರು, ಲೈಸೆನ್ಸ್ ಇರುವ ಪತ್ತೇದಾರರ ಕೈಕೆಳಗೆ ದುಡಿದವರು. ಬರದೇ ಇರುವ ಪಟ್ಟಿ ಇನ್ನೂ ಮುಖ್ಯ. ಕೋರ್ಟಿನ ನೋಟಿಸ್ ತಲುಪಿಸುವ ಕೆಲಸ ಲೆಕ್ಕಕ್ಕಿಲ್ಲ. ಸರ್ಕಾರಿ ಕಡತಗಳಲ್ಲಿ ದಾಖಲೆ ಹುಡುಕಿ ಕೊಡುವ ಕೆಲಸ ಲೆಕ್ಕಕ್ಕಿಲ್ಲ. ಸಾಲಗಾರ ಸಿಕ್ಕಿದ ಮೇಲೆ ಫೋನಿನಲ್ಲೋ ಪತ್ರದಲ್ಲೋ ವಸೂಲಿ ಮಾಡಿದ್ದೂ ಲೆಕ್ಕಕ್ಕಿಲ್ಲ. ಇವೆಲ್ಲ ಪತ್ತೇದಾರಿಯ ಪಕ್ಕದ ಮನೆಯ ಕೆಲಸಗಳು ಅನ್ನಿಸುತ್ತವೆ, ಅಲ್ವಾ? ಅದಕ್ಕೇ ಜನ ಇಲ್ಲಿ ಮೋಸ ಹೋಗುವುದು. ನಾಲ್ಕು ವರ್ಷ ನೋಟಿಸ್ ಹಂಚಿದವರು ಅರ್ಜಿ ಹಾಕುವ ದಿನ ಕೈಯಲ್ಲಿ ಸೊನ್ನೆ ಹಿಡಿದು ನಿಂತಿರುತ್ತಾರೆ.

ಗಂಟೆಗಳನ್ನು ಕೆಲಸ ಕೊಟ್ಟವರು ಇಲಾಖೆಯ ನಮೂನೆಯಲ್ಲಿ ದೃಢೀಕರಿಸಿ ಸಹಿ ಹಾಕಬೇಕು. ಒಬ್ಬ ಹುಡುಗ ಹಳೆಯ ಮಾಲೀಕರಿಂದ ಹೀಗೊಂದು ಪತ್ರ ತಂದ ಅಂದುಕೊಳ್ಳಿ: ‘ಇವರು ನಮ್ಮಲ್ಲಿ ಮೂರು ವರ್ಷ ಪ್ರಾಮಾಣಿಕವಾಗಿ ಕೆಲಸ ಮಾಡಿದ್ದಾರೆ, ಒಳ್ಳೆಯ ಹುಡುಗ.’ ಒಳ್ಳೆಯ ಹುಡುಗನೇ ಇರಬಹುದು, ಪತ್ರ ಮಾತ್ರ ಪ್ರಯೋಜನಕ್ಕಿಲ್ಲ. ಎಷ್ಟು ಗಂಟೆ? ಅದರಲ್ಲಿ ತನಿಖೆ ಎಷ್ಟು, ಆಫೀಸಿನಲ್ಲಿ ಫೋನ್ ಎತ್ತಿದ್ದು ಎಷ್ಟು? ಯಾವ ಬಗೆಯ ತನಿಖೆ? ಕಡತ ನೋಡುವ ಅಧಿಕಾರಿ ಕೇಳುವುದು ಇದನ್ನೇ.

ಆದ್ದರಿಂದ ನೋಟ್‌ಬುಕ್ಕಿನ ಒಂದು ಸಾಲು ಹೀಗಿರಲಿ: ತಾರೀಕು, ಬೆಳಿಗ್ಗೆ 6.40ರಿಂದ 11.10, ನಾಲ್ಕೂವರೆ ಗಂಟೆ, ವಿಮಾ ಕ್ಲೇಮ್, ಕಡತ ಸಂಖ್ಯೆ ಇಷ್ಟು, ಕಾರಿನಿಂದ ನಿಗಾ, 14 ಫೋಟೊ, ವರದಿ ಬರೆದಿದ್ದು ಒಂದು ಗಂಟೆ, ಮೇಲ್ವಿಚಾರಕರ ಕಿರುಸಹಿ. ಯಾರ ಮೇಲೆ ನಿಗಾ ಇಟ್ಟಿರಿ ಅಂತ ಹೆಸರು ಬರೆಯಬೇಡಿ, ಕಡತ ಸಂಖ್ಯೆ ಸಾಕು. ನೋಟ್‌ಬುಕ್ಕು ಬಸ್ಸಿನಲ್ಲಿ ಬಿಟ್ಟುಹೋದರೆ ಗತಿ ಏನು ಅಂತ ಯೋಚಿಸಿ.

ತಿಂಗಳ ಕೊನೆಗೆ ಗಂಟೆ ಕೂಡಿಸಿ ಮಾಲೀಕರ ಸಹಿ ಹಾಕಿಸಿಕೊಳ್ಳಿ. ‘ಕೆಲಸ ಬಿಡುವಾಗ ಒಟ್ಟಿಗೆ ಕೊಡ್ತೀನಿ ಬಿಡು’ ಅಂದರೆ ನಯವಾಗಿ ಒತ್ತಾಯಿಸಿ. ಏಜೆನ್ಸಿಗಳು ಮುಚ್ಚುತ್ತವೆ, ಮಾಲೀಕರು ಊರು ಬಿಡುತ್ತಾರೆ, ಕೆಲವರ ಜೊತೆ ಮನಸ್ತಾಪವೂ ಆಗುತ್ತದೆ. ಸಂಬಳದ ಚೀಟಿ, ತೆರಿಗೆ ಕಾಗದಗಳನ್ನೂ ಜೊತೆಗೇ ಎತ್ತಿಡಿ. ನಾಳೆ ಮಾಲೀಕರು ಕೈಗೆ ಸಿಗದಿದ್ದರೆ ನಿಮ್ಮ ಪರವಾಗಿ ಮಾತಾಡುವುದು ಇವೇ.

ಬೇರೆ ಕಡೆಯ ಲೆಕ್ಕ ಚುಟುಕಾಗಿ: ಫ್ಲಾರಿಡಾದ ‘ಸಿ’ ದರ್ಜೆಗೆ ಎರಡು ವರ್ಷದ ಪೂರ್ಣಾವಧಿ ಅನುಭವ, ನ್ಯೂಯಾರ್ಕಿಗೆ ಮೂರು ವರ್ಷ. ಒಂಟಾರಿಯೊ ಅನುಭವವನ್ನೇ ಕೇಳುವುದಿಲ್ಲ, ತರಬೇತಿ ಕೇಳುತ್ತದೆ.

ಹಂತ 5: ತರಬೇತಿ ಮತ್ತು ಪರೀಕ್ಷೆ

ಒಂಟಾರಿಯೊದಲ್ಲಿ 50 ಗಂಟೆಯ ತರಬೇತಿ, ಆಮೇಲೆ ಸರ್ಕಾರಿ ಪರೀಕ್ಷೆ. ಫ್ಲಾರಿಡಾದ ಇಂಟರ್ನ್‌ಗಳಿಗೆ 40 ಗಂಟೆಯ ಕೋರ್ಸ್. ಕ್ಯಾಲಿಫೋರ್ನಿಯಾದಲ್ಲಿ ತರಬೇತಿ ಕಡ್ಡಾಯ ಅಲ್ಲ. ಎರಡು ಗಂಟೆಯ ಪರೀಕ್ಷೆ ಇದೆ, ನಾಲ್ಕರಲ್ಲಿ ಸರಿ ಉತ್ತರ ಆರಿಸುವ ಬಗೆಯದು.

ಪರೀಕ್ಷೆಯಲ್ಲಿ ಏನು ಕೇಳುತ್ತಾರೆ ಅಂತ ನೋಡಿದರೆ ಆಶ್ಚರ್ಯ ಆಗುತ್ತದೆ. ಬೂಟಿನ ಗುರುತು ನೋಡಿ ಕಳ್ಳನನ್ನು ಹಿಡಿಯುವ ಜಾಣತನ ಯಾರಿಗೂ ಬೇಡ. ಕಾನೂನು, ಸಿವಿಲ್ ಮತ್ತು ಕ್ರಿಮಿನಲ್ ಹೊಣೆ, ಸಾಕ್ಷ್ಯವನ್ನು ಕೆಡದಂತೆ ಕಾಯುವುದು, ನಿಗಾ ಇಡುವ ವಿಧಾನ, ಇವೇ ಪ್ರಶ್ನೆಗಳು. ಫ್ಲಾರಿಡಾದ ಪರೀಕ್ಷೆ ಅಲ್ಲಿನ ಲೈಸೆನ್ಸ್ ಕಾಯ್ದೆಯ ಮೇಲೆಯೇ ನಡೆಯುತ್ತದೆ. ಹಾಗಾಗಿ ದಪ್ಪ ಪುಸ್ತಕಗಳಿಗಿಂತ ಮೊದಲು ಕಾಯ್ದೆಯನ್ನೇ ಎರಡು ಸಲ ಓದಿ. ‘ಲೈಸೆನ್ಸ್ ಹೊಂದಿದವರು ಮಾಡಬಾರದ್ದು’ ಅನ್ನುವ ಭಾಗ ಬಂದಾಗ ಪೆನ್ಸಿಲ್ ಕೈಯಲ್ಲಿರಲಿ.

ತರಬೇತಿ ಕೊಡುವ ಸಂಸ್ಥೆಗಳ ಬಗ್ಗೆ ಒಂದು ಎಚ್ಚರಿಕೆ. ಹದಿನೈದು ದಿನದಲ್ಲಿ ‘ಸರ್ಟಿಫೈಡ್ ಡಿಟೆಕ್ಟಿವ್’ ಮಾಡುತ್ತೇವೆ ಅನ್ನುವವರು ಎಲ್ಲ ಕಡೆ ಇದ್ದಾರೆ. ಕೋರ್ಸ್ ಮುಗಿದಾಗ ಸಿಗುವುದು ಆ ಸಂಸ್ಥೆಯ ಪ್ರಮಾಣಪತ್ರ. ಅದು ಸರ್ಕಾರದ ಲೈಸೆನ್ಸ್ ಅಲ್ಲ. ಸೇರುವ ಮುಂಚೆ ಇಲಾಖೆ ಒಪ್ಪಿದ ಸಂಸ್ಥೆಗಳ ಪಟ್ಟಿಯಲ್ಲಿ ಅವರ ಹೆಸರಿದೆಯಾ ನೋಡಿ. ಲೈಸೆನ್ಸೇ ಇಲ್ಲದ ದೇಶದಲ್ಲಿ ‘ಲೈಸೆನ್ಸ್ ಕೊಡಿಸ್ತೀವಿ’ ಅಂದರೆ ಅಲ್ಲಿಂದ ಎದ್ದು ಬನ್ನಿ.

ಹಂತ 6: ಹಿನ್ನೆಲೆ ತಪಾಸಣೆ

ಹಲವು ಕಡೆ ಬೆರಳಚ್ಚು ಕೊಡಬೇಕು. ಅದು ಅಪರಾಧ ದಾಖಲೆಗಳ ಜೊತೆ ತಾಳೆಯಾಗುತ್ತದೆ. ಗಂಭೀರ ಅಪರಾಧದಲ್ಲಿ ಶಿಕ್ಷೆಯಾಗಿದ್ದರೆ ಬಾಗಿಲು ಮುಚ್ಚಿದ ಹಾಗೇ. ಜಪಾನ್ ಸಂಘಟಿತ ಅಪರಾಧದ ಗುಂಪುಗಳಲ್ಲಿ ಇದ್ದು, ಬಿಟ್ಟು 5 ವರ್ಷ ಆಗದವರನ್ನೂ ಹೊರಗಿಡುತ್ತದೆ.

ಹಳೆಯ ಸಣ್ಣ ಪ್ರಕರಣ ಇದ್ದರೆ ಏನು ಮಾಡುವುದು? ಮುಚ್ಚಿಡಬೇಡಿ. ಅರ್ಜಿಯಲ್ಲಿ ಕೇಳಿದ್ದರೆ ಬರೆಯಿರಿ, ಕೋರ್ಟಿನ ಆದೇಶದ ಪ್ರತಿಯನ್ನೂ ಹಚ್ಚಿ. ಹತ್ತು ವರ್ಷದ ಹಿಂದಿನ ಜಗಳಕ್ಕಿಂತ ಇವತ್ತಿನ ಸುಳ್ಳು ದೊಡ್ಡದಾಗಿ ಕಾಣುತ್ತದೆ. ಸತ್ಯ ಹುಡುಕುವ ಕೆಲಸಕ್ಕೆ ಅರ್ಜಿ ಹಾಕುವವರು ಅರ್ಜಿಯಲ್ಲೇ ಸುಳ್ಳು ಬರೆದರೆ ಅಧಿಕಾರಿ ಏನು ಅಂದುಕೊಳ್ಳಬೇಕು ಹೇಳಿ.

ಹಂತ 7: ಬಾಂಡ್, ವಿಮೆ

ಸಂಬಳಕ್ಕೆ ದುಡಿಯುವವರು ಇದನ್ನು ದಾಟಿ ಮುಂದೆ ಹೋಗಬಹುದು. ಏಜೆನ್ಸಿ ತೆರೆಯುವವರು ನಿಲ್ಲಿ. ನ್ಯೂಯಾರ್ಕ್ 10,000 ಡಾಲರ್‌ನ ಶ್ಯೂರಿಟಿ ಬಾಂಡ್ ಕೇಳುತ್ತದೆ. ಅಷ್ಟೂ ದುಡ್ಡನ್ನು ಸರ್ಕಾರಕ್ಕೆ ಕಟ್ಟಬೇಕು ಅಂತ ಹೆದರಬೇಡಿ. ಬಾಂಡ್ ಕೊಡುವ ಕಂಪನಿಗೆ ಪ್ರೀಮಿಯಂ ಕಟ್ಟಿದರೆ ನಿಮ್ಮ ಪರವಾಗಿ ಅವರು ಜಾಮೀನು ನಿಲ್ಲುತ್ತಾರೆ. ನಿಮ್ಮಿಂದ ಯಾರಿಗಾದರೂ ನಷ್ಟವಾದರೆ ಮೊದಲು ಅವರು ಕೊಡುತ್ತಾರೆ, ಆಮೇಲೆ ನಿಮ್ಮಿಂದ ವಸೂಲು ಮಾಡುತ್ತಾರೆ. ಬಾಂಡಿಗೂ ವಿಮೆಗೂ ಇರುವ ವ್ಯತ್ಯಾಸ ಇದೇ. ವಿಮೆ ನಿಮ್ಮನ್ನು ಕಾಯುತ್ತದೆ, ಬಾಂಡ್ ನಿಮ್ಮಿಂದ ಬೇರೆಯವರನ್ನು ಕಾಯುತ್ತದೆ.

ಹಂತ 8: ಅರ್ಜಿ

ಎಲ್ಲ ಕಾಗದ ಕೈಗೆ ಬಂದ ಮೇಲೆ ಒಂದು ಸಂಜೆ ಕೂತು ಬರೀ ಹೆಸರುಗಳನ್ನು ನೋಡಿ. ಪಾಸ್‌ಪೋರ್ಟಿನಲ್ಲಿ ಒಂದು ಇನಿಷಿಯಲ್, ಪದವಿ ಪತ್ರದಲ್ಲಿ ಇನ್ನೊಂದು, ಅನುಭವದ ಪತ್ರದಲ್ಲಿ ಬರೀ ಕರೆಯುವ ಹೆಸರು ಇದ್ದರೆ ಅರ್ಜಿ ವಾಪಸ್ ಬರುತ್ತದೆ. ತಾರೀಕುಗಳನ್ನೂ ಹೀಗೇ ನೋಡಿ. ಒಂದೇ ತಿಂಗಳು ಎರಡು ಕಡೆ ಪೂರ್ತಿ ಹೊತ್ತು ಕೆಲಸ ಮಾಡಿದ ಹಾಗೆ ಕಂಡರೆ ಪ್ರಶ್ನೆ ಬಂದೇ ಬರುತ್ತದೆ. ಪ್ರತಿಯೊಂದರ ನಕಲು ಇಟ್ಟುಕೊಳ್ಳಿ. ಲೈಸೆನ್ಸ್ ಕೈಗೆ ಬರುವವರೆಗೆ ‘ಸಣ್ಣ ಕೇಸು, ಸುಮ್ನೆ ಸಹಾಯಕ್ಕೆ’ ಅಂತ ಕೂಡ ದುಡ್ಡು ಪಡೆದು ಸ್ವಂತವಾಗಿ ಕೆಲಸ ಹಿಡಿಯಬೇಡಿ. ಅರ್ಜಿ ಹಾಕಿದ್ದೇನೆ ಅನ್ನುವುದು ಲೈಸೆನ್ಸ್ ಅಲ್ಲ.

ಲೈಸೆನ್ಸ್ ಏನು ಕೊಡುತ್ತದೆ, ಏನು ಕೊಡುವುದಿಲ್ಲ

ಇದು ಹಂತ ಅಲ್ಲ, ಆದರೂ ಇಲ್ಲಿ ಕಾಲು ಜಾರಿದರೆ ಮೇಲಿನ ಎಂಟು ಹಂತವೂ ನೀರುಪಾಲು. ಸರ್ಕಾರದ ಅನುಮತಿ ಸಿಕ್ಕಿದ್ದರಿಂದ ಪತ್ತೇದಾರರಿಗೆ ಯಾವ ಅಧಿಕೃತ ಸ್ಥಾನವೂ ಬರುವುದಿಲ್ಲ ಅಂತ ಫ್ರಾನ್ಸಿನ ಕಾನೂನು ನೇರವಾಗಿ ಬರೆದಿಟ್ಟಿದೆ. ಕ್ಯಾಲಿಫೋರ್ನಿಯಾದಲ್ಲಿ ಸರ್ಕಾರಿ ಮನುಷ್ಯ ಅನ್ನಿಸುವಂತೆ ನಡೆದುಕೊಂಡರೆ ಲೈಸೆನ್ಸಿಗೇ ಕುತ್ತು. ಮನೆಯೊಳಗೆ ನುಗ್ಗುವ ಹಕ್ಕಿಲ್ಲ. ಯಾರನ್ನೂ ನಿಲ್ಲಿಸಿ ಉತ್ತರ ಹೇಳಿಸುವ ಹಕ್ಕಿಲ್ಲ. ಬಂದೂಕು ಬೇಕಾದರೆ ಅದಕ್ಕೆ ಬೇರೆಯೇ ಪರವಾನಗಿ.

ಸ್ಪೇನಿನಲ್ಲಿ ಗೆರೆ ಇನ್ನೂ ದಪ್ಪ. ಸರ್ಕಾರವೇ ತಾನಾಗಿ ಮೊಕದ್ದಮೆ ಹೂಡಬೇಕಾದ ಅಪರಾಧಗಳನ್ನು ಪತ್ತೇದಾರರು ತನಿಖೆ ಮಾಡುವಂತಿಲ್ಲ. ಅಂಥದ್ದು ಕಣ್ಣಿಗೆ ಬಿದ್ದರೆ ಅಧಿಕಾರಿಗಳಿಗೆ ತಿಳಿಸಬೇಕು. ಮನೆಯೊಳಗಿನ ಖಾಸಗಿ ಬದುಕು ಪೂರ್ತಿ ಹೊರಗೆ. ಅಂದರೆ ಕಥೆಗಳಲ್ಲಿ ಬರುವ ಕೊಲೆ ಕೇಸು ಅಲ್ಲಿನ ಪತ್ತೇದಾರರ ಕೈಗೆ ಬರುವುದೇ ಇಲ್ಲ.

ಸುಳ್ಳು ಹೇಳಿ ಮಾಹಿತಿ ತೆಗೆಯುವುದು ಈ ಕಸುಬಿನ ಹಳೆಯ ಚಟ. ‘ನಾನು ಅವರ ತಮ್ಮ ಮಾತಾಡ್ತಿದ್ದೀನಿ, ಅಕೌಂಟ್ ನಂಬರ್ ಮರೆತುಹೋಗಿದೆ’ ಅಂತ ಬ್ಯಾಂಕಿಗೆ ಫೋನ್ ಮಾಡುವುದನ್ನು ಅಮೆರಿಕ 1999ರ ಕಾನೂನಿನಲ್ಲೇ ನಿಷೇಧಿಸಿತು. ಫೋನ್ ಕರೆಗಳ ದಾಖಲೆಯನ್ನು ಇದೇ ರೀತಿ ಕದಿಯುವುದನ್ನು 2006ರ ಕಾಯ್ದೆ ಅಪರಾಧ ಮಾಡಿತು. ಭಾರತದಲ್ಲಿ ಲೈಸೆನ್ಸ್ ಇಲ್ಲ ನಿಜ, ಆದರೆ 2018ರಲ್ಲಿ ಕರೆ ದಾಖಲೆಗಳನ್ನು ಅಕ್ರಮವಾಗಿ ಪಡೆದು ಮಾರಿದ ಆರೋಪದ ಮೇಲೆ ಹಲವು ಖಾಸಗಿ ಪತ್ತೇದಾರರನ್ನು ಮಹಾರಾಷ್ಟ್ರದ ಠಾಣೆ ನಗರದ ಪೊಲೀಸರು ಬಂಧಿಸಿದರು. ಲೈಸೆನ್ಸ್ ಕಾನೂನು ಇಲ್ಲದ ಕಡೆಯೂ ಉಳಿದ ಕಾನೂನುಗಳು ಎಚ್ಚರವಾಗಿಯೇ ಇರುತ್ತವೆ.

ಹಾಗಾದರೆ ಲೈಸೆನ್ಸಿನಿಂದ ಏನೂ ಸಿಗುವುದಿಲ್ಲವಾ? ಕೆಲವು ಬಾಗಿಲು ತೆರೆಯುತ್ತದೆ. ಅಮೆರಿಕದ 1994ರ ಕಾಯ್ದೆಯೊಂದು ವಾಹನ ನೋಂದಣಿಯಲ್ಲಿರುವ ಖಾಸಗಿ ಮಾಹಿತಿಯನ್ನು ಬಚ್ಚಿಡುತ್ತದೆ. ಕಾಯ್ದೆಯೇ ಒಪ್ಪಿದ ಕಾರಣಗಳಿಗೆ ಮಾತ್ರ ಲೈಸೆನ್ಸ್ ಇರುವ ಪತ್ತೇದಾರರು ಅದನ್ನು ನೋಡಬಹುದು. ನೋಡಿದ್ದಕ್ಕೆ ಕಾರಣ ಏನು ಅಂತ ನಾಳೆ ಕೇಳಿದರೆ ಉತ್ತರ ಇರಬೇಕು.

ಲೈಸೆನ್ಸ್ ಇಲ್ಲದ ಕಡೆ ಏನು ಮಾಡುವುದು?

ವ್ಯಾಪಾರದ ನೋಂದಣಿ, ತೆರಿಗೆ ನೋಂದಣಿ, ಸಿಬ್ಬಂದಿ ಇದ್ದರೆ ಕಾರ್ಮಿಕ ಕಾನೂನಿನ ಕಾಗದ. ಜೊತೆಗೆ ಮಾಹಿತಿ ರಕ್ಷಣೆಯ ಕಾನೂನು. ಬ್ರಿಟನ್ನಿನಲ್ಲಿ ಪತ್ತೇದಾರರು ಜನರ ವೈಯಕ್ತಿಕ ಮಾಹಿತಿ ಇಟ್ಟುಕೊಳ್ಳುವವರು ಅನ್ನುವ ಕಾರಣಕ್ಕೆ ಮಾಹಿತಿ ಆಯುಕ್ತರ ಕಚೇರಿಗೆ ಶುಲ್ಕ ಕಟ್ಟಬೇಕು.

ನನ್ನ ಸಲಹೆ ಕೇಳಿದರೆ, ಕಾನೂನು ಕೇಳದಿದ್ದರೂ ಲೈಸೆನ್ಸ್ ಇರುವ ಕಡೆಯ ಒಳ್ಳೆಯ ನಿಯಮಗಳನ್ನು ನೀವೇ ಹಾಕಿಕೊಳ್ಳಿ. ಜಪಾನಿನ ಒಂದು ನಿಯಮ ನನಗೆ ತುಂಬಾ ಇಷ್ಟ. ಅಲ್ಲಿ ಕೇಸು ಒಪ್ಪುವ ಮುಂಚೆ ಗ್ರಾಹಕರಿಂದ ಬರಹದಲ್ಲಿ ಮಾತು ಪಡೆಯಬೇಕು: ಈ ತನಿಖೆಯ ಫಲಿತಾಂಶವನ್ನು ಅಪರಾಧಕ್ಕಾಗಲಿ, ಅಕ್ರಮ ತಾರತಮ್ಯಕ್ಕಾಗಲಿ ಬಳಸುವುದಿಲ್ಲ ಅಂತ. ‘ನನ್ನ ಹಳೆಯ ಗೆಳತಿಯ ಈಗಿನ ವಿಳಾಸ ಬೇಕು’ ಅಂತ ಬರುವ ಗಂಡಸಿನ ಮುಂದೆ ಈ ಕಾಗದ ಇಟ್ಟು ಅವನ ಮುಖ ನೋಡಿ. ಪೆನ್ನು ಎತ್ತಲು ಹಿಂದೆಮುಂದೆ ನೋಡಿದರೆ ಕೇಸು ಬಿಟ್ಟುಬಿಡಿ. ಆ ವಿಳಾಸ ಕೊಟ್ಟ ಮೇಲೆ ಅಲ್ಲಿ ಏನು ನಡೆಯುತ್ತದೋ ಅದರಲ್ಲಿ ನಿಮ್ಮದೂ ಪಾಲಿರುತ್ತದೆ.

ಕಾರ್ಡು ಬಂದ ಮೇಲೆ

ಕಾರ್ಡು ಜೇಬಿನಲ್ಲಿರಲಿ, ಕೇಳಿದರೆ ತೋರಿಸಿ. ಕಡತಗಳಿಗೂ ಆಯುಷ್ಯ ಇದೆ. ಸ್ಪೇನಿನಲ್ಲಿ ತನಿಖೆಯ ವರದಿಯನ್ನು ಕನಿಷ್ಠ ಮೂರು ವರ್ಷ ಇಟ್ಟುಕೊಳ್ಳಬೇಕು. ಫೋಟೊ, ಧ್ವನಿಮುದ್ರಣಗಳನ್ನು ತನಿಖೆ ಮುಗಿದ ಮೂರು ವರ್ಷಕ್ಕೆ ನಾಶ ಮಾಡಬೇಕು. ವಿಳಾಸ ಬದಲಾದರೆ ಇಲಾಖೆಗೆ ತಿಳಿಸಿ. ರಿನೀವಲ್ ನೋಟಿಸ್ ಹಳೆಯ ಮನೆಗೆ ಹೋಗಿ ಬಿದ್ದಿತ್ತು ಅನ್ನುವುದನ್ನು ಯಾರೂ ಕಾರಣ ಅಂತ ಒಪ್ಪುವುದಿಲ್ಲ.

ಪಕ್ಕದ ರಾಜ್ಯಕ್ಕೆ ಕೇಸು ಹೋದರೆ ನಿಮ್ಮ ಲೈಸೆನ್ಸ್ ಜೊತೆಗೆ ಬರುತ್ತದೆ ಅಂದುಕೊಳ್ಳಬೇಡಿ. ಅಮೆರಿಕದ ಕೆಲವು ರಾಜ್ಯಗಳ ನಡುವೆ ಮಾತ್ರ ಪರಸ್ಪರ ಒಪ್ಪಂದ ಇದೆ, ಅದಕ್ಕೂ ಮಿತಿ ಇರುತ್ತದೆ. ಗಡಿ ದಾಟುವ ಮುಂಚೆ ಆ ಕಡೆಯ ಲೈಸೆನ್ಸ್ ಇರುವವರ ಜೊತೆ ಕೈಜೋಡಿಸುವುದು ಕ್ಷೇಮ.

ಕ್ಯಾಲಿಫೋರ್ನಿಯಾ, ನ್ಯೂಯಾರ್ಕ್‌ಗಳಲ್ಲೂ ಫ್ಲಾರಿಡಾದ ‘ಸಿ’ ದರ್ಜೆಗೂ ಎರಡು ವರ್ಷಕ್ಕೊಮ್ಮೆ ರಿನೀವಲ್. ಫ್ರಾನ್ಸಿನ ವೃತ್ತಿ ಕಾರ್ಡಿಗೆ ಐದು ವರ್ಷ. ಅವಧಿ ಮುಗಿಯುವುದಕ್ಕೆ ಮೂರು ತಿಂಗಳು ಇರುವಾಗಲೇ ಫೋನಿನಲ್ಲಿ ನೆನಪಿನ ಗಂಟೆ ಹಾಕಿಡಿ. ಅವಧಿ ಮುಗಿದ ಮಾರನೆಯ ದಿನ ತೆಗೆದ ಫೋಟೊವನ್ನು ಕೋರ್ಟಿನಲ್ಲಿ ಹಾಜರು ಮಾಡಿದಾಗ ಎದುರು ವಕೀಲರು ಮೊದಲು ನೋಡುವುದು ಫೋಟೊ ಮೇಲಿನ ತಾರೀಕು, ಆಮೇಲೆ ನಿಮ್ಮ ಕಾರ್ಡಿನ ತಾರೀಕು.